ರೇಡಿಯೋದ ಆಯ

ಮೊನ್ನೆ ಸೊಸೆ ಅಟ್ಟದ ಮೇಲಿನ ಹಳೆಯ ಕೌದಿಗಳನ್ನೆಲ್ಲ ಇಳಿಸಿ ಬಿಸಿಲಿಗೆ ಹಾಕುತ್ತಿದ್ದಳು. ಒಂದನ್ನು ಎತ್ತಿ ಹಿಡಿದು, "ಅತ್ತೀ, ಈ ಕೌದಿಗೆ ನಾಕೂ ಮೂಲ್ಯಾಗ ತೂತು ಬಿದ್ದಾವಲ್ಲ, ಇಲಿ ಕಡದಾವೇನ?" ಅಂದಳು. "ಇಲಿ ಅಲ್ಲವ್ವಾ, ಮೊಳಿ ಹೊಡದದ್ದು. ಅದು ರೇಡಿಯೋದ ಗ್ವಾಡಿ ಮ್ಯಾಲ ಇತ್ತು" ಅಂದೆ. ಅವಳು ನಕ್ಕಳು. ನಾನೂ ನಗಬೇಕಿತ್ತು, ನಗು ಬರುವ ಬದಲು ಸಿಟ್ಟು ಬಂತು. ಒಂದು ಲೋಟ ಚಹಾ ಕುಡಿದರೂ ಇಳಿಯಲಿಲ್ಲ. ಈ ವಯಸ್ಸಿನಲ್ಲಿ ಸಿಟ್ಟು ಒಳ್ಳೆಯದಲ್ಲ ಎಂದು ಡಾಕ್ಟರು ಹೇಳಿದ್ದಾರೆ. ಅದಕ್ಕೇ ನಿಮ್ಮ ಮುಂದೆ ಹೇಳಿಬಿಡುತ್ತೇನೆ, ನಿಮಗೂ ಸ್ವಲ್ಪ ಬಂದರೆ ನನ್ನದು ಅಷ್ಟು ಕಡಿಮೆಯಾದೀತು.

ಹಂಸಭಾವಿಯಿಂದ ಚಿಕ್ಕೇರೂರಿಗೆ ಬರುವ ರಸ್ತೆಯಲ್ಲಿ ಗೊಬ್ಬರ ಇಡುತ್ತಿದ್ದ ಒಂದು ಹಳೆಯ ಗೋದಾಮು ಇದೆ. ಅದರ ಮೇಲಿನ ಕೋಣೆಯಲ್ಲಿ ನಮ್ಮ ಸಮುದಾಯ ರೇಡಿಯೋ. ಸುತ್ತಲಿನ ಹಳ್ಳಿಗಳಿಗೆ ಚೆನ್ನಾಗಿ ಕೇಳುತ್ತದೆ, ಹಿರೇಕೆರೂರು ಪೇಟೆಗೆ ಹೋದರೆ ಅರ್ಧ ಮಾತು, ಅರ್ಧ ಗೊರಗೊರ. ಇವತ್ತಿಗೂ ನಡೆದಿದೆ, ಹೇಗೋ. ಶುರುವಾದಾಗ ನಾನು ಮೂವತ್ತು ವರ್ಷ ಹೊಲಿಗೆ ಕಲಿಸಿ ಮನೆಯಲ್ಲಿ ಸುಮ್ಮನೆ ಕೂತಿದ್ದೆ. ದನಿ ದೊಡ್ಡದು, ಬಾಯಿ ಇನ್ನೂ ದೊಡ್ಡದು ಎಂದು ಊರವರೇ ನನ್ನನ್ನು ಅಲ್ಲಿಗೆ ಕಳಿಸಿದರು. ಮೊದಲ ದಿನ ನಾನು ಇಳಕಲ್ ಸೀರೆ ಉಟ್ಟು, ಹೂ ಮುಡಿದು, ಪೌಡರು ಹಚ್ಚಿಕೊಂಡು ಹೋಗಿದ್ದೆ. ರೇಡಿಯೋದಲ್ಲಿ ಮುಖ ಕಾಣುವುದಿಲ್ಲ ಎಂಬುದು ಮೈಕಿನ ಮುಂದೆ ಕೂತ ಮೇಲೆ ಹೊಳೆಯಿತು.

ಕೋಣೆಯಲ್ಲಿ ಮಾತಾಡಿದರೆ ದನಿ ಗೋಡೆಗೆ ಬಡಿದು ತಿರುಗಿ ಬರುತ್ತಿತ್ತು. ಅದನ್ನು ತಡೆಯಲು ಗೋಡೆಗೆ ಹಚ್ಚುವ ಸ್ಪಂಜಿನ ಬೆಲೆ ಕೇಳಿ ನಾವೆಲ್ಲ ಸುಮ್ಮನಾದೆವು. ಕೊನೆಗೆ ಊರ ಹೆಂಗಸರು ಮನೆಗೊಂದರಂತೆ ಕೌದಿ ಕೊಟ್ಟರು, ಮೊಳೆ ಹೊಡೆದು ನಾಲ್ಕೂ ಗೋಡೆಗೆ ಹಚ್ಚಿದೆವು. ಚಳಿಗಾಲ ಬಂತೆಂದರೆ ಒಬ್ಬೊಬ್ಬರೇ ಬಂದು, "ಮೊಮ್ಮಗಗ ಹೊಚ್ಚಾಕ ಬೇಕ್ರಿ" ಎಂದು ತಮ್ಮ ತಮ್ಮ ಕೌದಿ ಬಿಚ್ಚಿಕೊಂಡು ಹೋಗುತ್ತಿದ್ದರು. ಮಾರ್ಗಶಿರದಲ್ಲಿ ಕೇಳುಗರ ಫೋನು ಬರುತ್ತಿತ್ತು: "ನೀಲಕ್ಕ, ನಿನ್ನೆ ನೀ ಬಾವ್ಯಾಗ ಬಿದ್ದಿದ್ದೇನ?" ಹೋಳಿ ಹುಣ್ಣಿಮೆಯ ಹೊತ್ತಿಗೆ ಕೌದಿಗಳು ತಿರುಗಿ ಬರುತ್ತಿದ್ದವು, ನನ್ನ ದನಿಯೂ ಮೇಲೆ ಬರುತ್ತಿತ್ತು.

ಸಂಜೆ ಆರೂವರೆಯಿಂದ ಏಳರ ತನಕ ಲಾಲಿಬಾಯಿಯ ಅರ್ಧ ತಾಸು. ಲಾಲಿಬಾಯಿ ನಮ್ಮೂರಿಗೆ ಕೂಗಳತೆಯಲ್ಲಿರುವ ಲಂಬಾಣಿ ತಾಂಡಾದವಳು. ಎರಡು ಎಕರೆ ಹೊಲ, ಒಂದು ಎಮ್ಮೆ, ಮತ್ತು ಯಾರಿಗೂ ಹೆದರದ ಕಣ್ಣು. ಅವಳ ಕಾರ್ಯಕ್ರಮ ಪೂರ್ತಿ ಲಂಬಾಣಿ ಮಾತಿನಲ್ಲಿ. ದೀಪಾವಳಿ ಮುಗಿದ ಮೇಲೆ ತಾಂಡಾದ ಅರ್ಧ ಜನ ಕಬ್ಬು ಕಡಿಯಲು ದೂರ ಹೋಗುತ್ತಾರಲ್ಲ, ಅವರು ಅಲ್ಲಿಂದ ಲಾಲಿಬಾಯಿಗೆ ಫೋನು ಮಾಡುತ್ತಾರೆ. ಅವಳು ಅವರ ಮಾತನ್ನು ಹಿಡಿದಿಟ್ಟುಕೊಂಡು ಸಂಜೆ ಕೇಳಿಸುತ್ತಾಳೆ. ಮಗಳ ಜಡೆ ಯಾರು ಹೆಣೆಯುತ್ತಿದ್ದಾರೆ, ಎಮ್ಮೆ ಈಯಿತೋ ಇಲ್ಲವೋ, ಹಬ್ಬಕ್ಕೆ ಬರುತ್ತೇವೋ ಇಲ್ಲವೋ, ಇಂಥವು. ಒಮ್ಮೆ ನಾನು, "ಮನಿಗೇ ಫೋನ್ ಹಚ್ಚಿ ಮಾತಾಡಿದ್ರ ಆಗೂದಿಲ್ಲೇನ?" ಎಂದು ಕೇಳಿದೆ.

"ಫೋನಿನ್ಯಾಗ ಹೆಣ್ತಿ ಕಿವಿಗಷ್ಟ ಹೇಳ್ತಾನ್ರಿ, ನಾಳೆ ನಾ ಹಂಗ ಅಂದೇ ಇಲ್ಲ ಅಂತಾನ" ಅಂದಳು. "ರೇಡಿಯೋದಾಗ 'ಮಗಳನ್ನ ಸಾಲಿ ಬಿಡಸೂದಿಲ್ಲ' ಅಂದ್ರ ಇಡೀ ತಾಂಡಾ ಸಾಕ್ಷಿ. ಆಮ್ಯಾಲ ಹೆಂಗ ಬಿಡಸ್ತಾನ?"

ಹಾಗೆ ಸಾಲೆ ಬಿಡದೆ ಉಳಿದ ಹುಡುಗಿಯರು ಆ ತಾಂಡಾದಲ್ಲಿ ಇದ್ದಾರೆ. ನನ್ನ ಬೆಳಗಿನ ಕಾರ್ಯಕ್ರಮದಿಂದ ಊರಿಗೆ ಆದದ್ದೇನು ಎಂದು ಕೇಳಿದರೆ, ಉಪ್ಪಿನಕಾಯಿ ಹಾಕುವ ಒಂದೆರಡು ರೀತಿ ಎಂದು ಹೇಳಬೇಕಾಗುತ್ತದೆ.

ಮೊದಲು ಹೊರಗಿನ ಒಂದು ಸಂಸ್ಥೆ ದುಡ್ಡು ಕೊಡುತ್ತಿತ್ತು. ಕರೆಂಟು ಬಿಲ್ಲು, ಬಾಡಿಗೆ, ನಮಗೆ ಬಸ್ಸಿನ ಖರ್ಚು. ಕೆಲವು ವರ್ಷ ಕೊಟ್ಟು, ಇನ್ನು ನೀವು ನಿಮ್ಮ ಕಾಲ ಮೇಲೆ ನಿಲ್ಲಿ ಅಂದಿತು. ಹೇಗೆ ನಿಲ್ಲಬೇಕು ಎಂದು ಕಲಿಸಲು ಹಾನಗಲ್ಲಿನಲ್ಲಿ ಎರಡು ದಿನದ ತರಬೇತಿ ಇಟ್ಟಿತು. ನಗರದಿಂದ ಒಬ್ಬ ತಜ್ಞರು ಬಂದಿದ್ದರು, ಕೊರಳಲ್ಲಿ ಗುರುತಿನ ಪಟ್ಟಿ, ಕೈಯಲ್ಲಿ ಬಣ್ಣಬಣ್ಣದ ಚೀಟಿ. ಹಳದಿ ಚೀಟಿಯಲ್ಲಿ ನಿಮ್ಮ ಕೇಳುಗರು ಯಾರು ಎಂದು ಬರೆಯಿರಿ, ಗುಲಾಬಿ ಚೀಟಿಯಲ್ಲಿ ಅವರ ಕೊಳ್ಳುವ ಶಕ್ತಿ ಎಷ್ಟು ಎಂದು ಬರೆಯಿರಿ ಅಂದರು. ಎರಡು ದಿನದಲ್ಲಿ 'ಸಸ್ಟೇನಬಿಲಿಟಿ' ಎಂಬ ಶಬ್ದವನ್ನು ಎಷ್ಟು ಸಲ ಕೇಳಿದೆನೆಂದರೆ, ಬಸ್ಸಿನಲ್ಲಿ ವಾಪಸು ಬರುವಾಗಲೂ ಗಾಲಿ ಅದನ್ನೇ ಅನ್ನುತ್ತಿದೆ ಅನಿಸಿತು. ಆ ಎರಡು ದಿನದ ಸಭಾಂಗಣದ ಬಾಡಿಗೆ, ಊಟ, ಅವರ ಕಾರು ಎಲ್ಲಕ್ಕೂ ಸುರಿದ ದುಡ್ಡನ್ನು ನಮಗೇ ಕೊಟ್ಟಿದ್ದರೆ ವರ್ಷದ ಕರೆಂಟು ಬಿಲ್ಲು ಮುಗಿಯುತ್ತಿತ್ತು. ಈ ಮಾತನ್ನು ನಾನು ಹಸಿರು ಚೀಟಿಯಲ್ಲಿ ಬರೆದು ಕೊಟ್ಟೆ. ಅವರು ಓದಿ, "ಬಹಳ ಒಳ್ಳೆಯ ಫೀಡ್‌ಬ್ಯಾಕ್ ಮೇಡಂ" ಎಂದು ಗೋಡೆಗೆ ಅಂಟಿಸಿದರು. ಬೈದವರನ್ನು ಹೊಗಳುವ ಆ ಜಾಣತನ ಕಂಡು ನನಗೆ ಮೈಯೆಲ್ಲ ಉರಿಯಿತು.

ಅದೇ ತಿಂಗಳು ನಮ್ಮ ಬ್ಯಾಟರಿ ಸತ್ತಿತು. ಕರೆಂಟು ಹೋದರೆ ರೇಡಿಯೋ ಬಂದ್, ನಮ್ಮ ಕಡೆ ಕರೆಂಟು ಯಾವಾಗ ಇರುತ್ತದೆ ಹೇಳಿ. ಯಂತ್ರ ನೋಡಿಕೊಳ್ಳುವ ಗೌಸಸಾಬರು ಸವಣೂರಿನವರು. ವಾರಕ್ಕೊಮ್ಮೆ ಬಂದು ತಂತಿ, ಫ್ಯಾನು, ಕಂಬ ಎಲ್ಲ ನೋಡಿ, ನನಗೆ ಒಂದು ಕಟ್ಟು ವೀಳ್ಯದೆಲೆ ಕೊಟ್ಟು ಹೋಗುತ್ತಾರೆ. ಅವರಿಗೂ ಪಗಾರ ನಿಂತು ಎಷ್ಟೋ ತಿಂಗಳಾಗಿತ್ತು. ಅವತ್ತು ಸತ್ತ ಬ್ಯಾಟರಿಯ ಮೇಲೇ ಕೂತು ಎಲೆಗೆ ಸುಣ್ಣ ಹಚ್ಚುತ್ತ ಅವರು ಒಂದು ಮಾತು ಹೇಳಿದರು.

"ಅಕ್ಕಾರ, ನಮ್ಮಪ್ಪ ಕಂಬಾರಕಿ ಮಾಡ್ತಿದ್ದ. ಜಿಂದಗೀನಾಗ ಯಾರ ಕಡೆನೂ ರೊಕ್ಕ ಇಸ್ಕೊಂಡಾವಲ್ಲ. ಸುಗ್ಗ್ಯಾಗ ಕಣದಿಂದ ಕಣಕ್ಕ ಹೋಗಿ ಆಯ ತಗೊಂಬರ್ತಿದ್ದ, ಅದರಾಗ ನಮ್ಮನ್ನೆಲ್ಲ ಸಾಕಿದ. ರೇಡಿಯೋನೂ ಊರ ಕೆಲಸಾನ ಮಾಡತೈತಲ್ರಿ. ನಾವೂ ಆಯ ಕೇಳೂಣು."

ಆಯ ಎಂದರೆ ಗೊತ್ತಿರಬೇಕು ನಿಮಗೆ. ವರ್ಷವಿಡೀ ನೇಗಿಲ ಕುಳ ತಟ್ಟಿಕೊಟ್ಟ ಕಂಬಾರನಿಗೆ, ಬಿತ್ತುವ ಕೂರಿಗೆ ಕೂಡಿಸಿಕೊಟ್ಟ ಬಡಿಗನಿಗೆ ರೈತ ರಾಶಿಯ ದಿನ ಅಳೆದು ಕೊಡುವ ಕಾಳು. ಈಗ ಕಣವೂ ಇಲ್ಲ, ಡಾಂಬರು ರಸ್ತೆಯ ಮೇಲೆ ತಾಡಪತ್ರಿ ಹಾಸಿ ಗೋವಿನಜೋಳ ಒಣಗಿಸುತ್ತಾರೆ. ಆದರೂ ಗೌಸಸಾಬರ ಮಾತು ಎಲ್ಲರಿಗೂ ಹಿಡಿಸಿತು. ಮೂರು ಗಾಲಿಯ ಒಂದು ಟಂಟಂ ಗಾಡಿ ಹಿಡಿದು, ಚೀಲ ಹಾಕಿಕೊಂಡು ನಾನೂ ಅವರೂ ಹಳ್ಳಿ ಹಳ್ಳಿ ತಿರುಗಿದೆವು. "ರೇಡಿಯೋ ನೀಲಕ್ಕ ಆಯಕ್ಕ ಬಂದಾಳ" ಎಂದು ಜನ ನಕ್ಕರು, ನಗುತ್ತಲೇ ಮೊರ ತುಂಬಿ ಸುರಿದರು. ಹೊಲವಿಲ್ಲದ ಒಬ್ಬ ಅಜ್ಜಿ ಒಂದು ಕೋಳಿ ಕೊಟ್ಟಳು. ಅದನ್ನು ಮಾರಲು ಮನಸ್ಸಾಗದೆ ಸ್ಟುಡಿಯೋದ ಮೂಲೆಯಲ್ಲಿ ಕಟ್ಟಿದೆವು. ಮರುದಿನ ನಾನು ಬಾಣಂತಿಯರ ಆರೈಕೆ ಕುರಿತು ಮಾತಾಡುವಾಗ ಅದು ಮೊಟ್ಟೆಯಿಟ್ಟು ಸುತ್ತಲಿನ ಹಳ್ಳಿಗಳಿಗೆಲ್ಲ ಕೂಗಿ ಹೇಳಿತು. ಕಾಳು ಮಾರಿದ ದುಡ್ಡಿನಲ್ಲಿ ಹೊಸ ಬ್ಯಾಟರಿ ಬಂತು. ಗೌಸಸಾಬರಿಗೂ ಪಗಾರವಾಯಿತು. ಹಾನಗಲ್ಲಿಗೆ ಬಂದಿದ್ದ ಆ ತಜ್ಞರಿಗೆ ಹೆಮ್ಮೆಯಿಂದ ಫೋನು ಮಾಡಿ ಹೇಳಿದೆ. ಅವರು ಅತ್ತ ಕಡೆಯಿಂದ, "ಅದು ಒಂಥರಾ ಭಿಕ್ಷೆ ಆಯಿತಲ್ಲ ಮೇಡಂ" ಅಂದರು.

ಭಿಕ್ಷೆ! ನಾನು ಫೋನಿನಲ್ಲೇ ಜಗಳ ತೆಗೆದೆ. ಭಿಕ್ಷೆ ಹಾಕಿದವರು ಬಾಗಿಲು ಹಾಕಿಕೊಂಡು ಒಳಗೆ ಹೋಗುತ್ತಾರೆ, ಆಯ ಕೊಟ್ಟವರು ನಾಳೆ ಬಂದು ನನ್ನ ಕೆಲಸ ಎಲ್ಲಿ ಎಂದು ಕೇಳುತ್ತಾರೆ, ಇಷ್ಟು ತಿಳಿಯದೆ ನೀವು ಯಾವ ಊರಿಗೆ ಏನು ಕಲಿಸುತ್ತೀರಿ ಅಂದೆ. ಎಷ್ಟು ಚೆಂದ ಮಾತಾಡಿದೆ ಎಂದು ಎರಡು ದಿನ ನನ್ನಷ್ಟಕ್ಕೆ ನಾನೇ ಬೀಗಿದೆ. ಆ ಮಾತಿನ ಅರ್ಥ ನನಗೇ ಪೂರ್ತಿ ತಿಳಿದಿರಲಿಲ್ಲ.

ಸಂಕ್ರಾಂತಿ ಆದ ಮೇಲೆ ಒಂದು ಬೀಜದ ಕಂಪನಿ ಬಂತು. ವರ್ಷದ ಬಾಡಿಗೆ, ಕರೆಂಟು ಎಲ್ಲ ನಾವೇ ನೋಡಿಕೊಳ್ಳುತ್ತೇವೆ, ದಿನಾ ಸಂಜೆ ಆರೂವರೆಯಿಂದ ಏಳರ ತನಕ ನಮ್ಮ ಬೀಜದ ಕಾರ್ಯಕ್ರಮ ಹಾಕಿ ಅಂದಿತು. ಹೊಲದಿಂದ ಬಂದವರು ಕಾಲು ಚಾಚಿ ಕೂಡುವ ಹೊತ್ತು ಅದು, ಬೇರೆ ಹೊತ್ತು ಅವರಿಗೆ ಬೇಡ. ನಮ್ಮ ರೇಡಿಯೋ ಸಮಿತಿಯ ಅಧ್ಯಕ್ಷರು ಊರ ಗೌಡರು. ಅವರು ಸಭೆ ಕರೆದರು. ಆರು ಗಂಟೆಯ ಭಜನೆಯನ್ನು ಅರ್ಧ ತಾಸು ಮೊದಲು ಮಾಡಿ ಆ ಹೊತ್ತನ್ನು ಲಾಲಿಬಾಯಿಗೆ ಕೊಡಬಹುದಿತ್ತು. ಆ ಮಾತನ್ನು ಯಾರೂ ಎತ್ತಲಿಲ್ಲ, ಯಾಕೆಂದರೆ ಭಜನೆಯಲ್ಲಿ ಗೌಡರ ತಮ್ಮ ತಬಲಾ ಬಾರಿಸುತ್ತಾನೆ.

"ನ್ಯಾಯಾ ನ್ಯಾಯದಂಗ ಇರಬೇಕು" ಅಂದರು ಗೌಡರು. "ಯಾವ ಊರಿಂದ ಆಯ ಬಂದೈತಿ, ಆ ಊರವ್ರ ಕಾರ್ಯಕ್ರಮಕ್ಕ ಕೈ ಹಚ್ಚೂದು ತಪ್ಪು. ತಾಂಡಾದಿಂದ ಏನ್ ಬಂದೈತಿ? ನೀಲಕ್ಕ, ತಿರುಗಿದವ್ರು ನೀವು, ನೀವ ಹೇಳ್ರಿ."

ಲಾಲಿಬಾಯಿ ಬಾಗಿಲ ಹತ್ತಿರ ಗೋಡೆಗೆ ಆತು ಕೂತಿದ್ದಳು. ಎಲ್ಲರೂ ನನ್ನನ್ನು ನೋಡಿದರು.

"ಏನೂ ಬಂದಿಲ್ರಿ" ಅಂದೆ.

ಅದು ಸುಳ್ಳಲ್ಲ. ತಾಂಡಾದಿಂದ ಒಂದು ಕಾಳೂ ಬಂದಿರಲಿಲ್ಲ, ಯಾಕೆಂದರೆ ನಾವು ತಾಂಡಾಕ್ಕೆ ಹೋಗಿರಲೇ ಇಲ್ಲ. ಪಾಪ, ಕಬ್ಬು ಕಡಿದು ತಿನ್ನುವವರು, ಅವರ ಹತ್ತಿರ ಏನು ಕೇಳುವುದು ಎಂದು ನಾನೇ ಗೌಸಸಾಬರಿಗೆ ಹೇಳಿ ಗಾಡಿಯನ್ನು ಮುಂದೆ ಹೊಡೆಸಿದ್ದೆ. ಈ ಎರಡನೆಯ ಮಾತನ್ನು ಸಭೆಯಲ್ಲಿ ಹೇಳಬೇಕಿತ್ತು. ತಜ್ಞರ ಮೇಲೆ ಅಷ್ಟು ಜೋರಾಗಿ ಹೋದ ನನ್ನ ದೊಡ್ಡ ಬಾಯಿ, ಗೌಡರ ಮುಂದೆ ತೆರೆಯಲಿಲ್ಲ. ಯುಗಾದಿ ಮುಗಿದ ಮರುದಿನದಿಂದ ಕಂಪನಿಯ ಕಾರ್ಯಕ್ರಮ ಎಂದು ನಿರ್ಧಾರವಾಯಿತು. ಲಾಲಿಬಾಯಿ ಎದ್ದು ಹೋದಳು.

ಎರಡು ದಿನ ತಡೆದು, ಒಂದು ಡಜನ್ ಬಾಳೆಹಣ್ಣು, ಸವಣೂರಿನ ಖಾರಾ ಕುರುಕಲಿನ ಒಂದು ಪೊಟ್ಟಣ ಹಿಡಿದುಕೊಂಡು ಅವಳ ಮನೆಗೆ ಹೋದೆ. ರೋಗಿಯನ್ನು ನೋಡಲು ಹೋದಂತೆ ಹಣ್ಣು ಹಿಡಿದು ಹೋಗಿದ್ದೆನಲ್ಲ, ನನ್ನ ಬುದ್ಧಿಗೆ ಏನು ಅನ್ನಬೇಕು! ಅವಳು ಎಮ್ಮೆಗೆ ಮೇವು ಹಾಕುತ್ತಿದ್ದಳು. "ಬರ್ರಿ, ಕುಂದರ್ರಿ" ಅಂದಳು, ಕೆಲಸ ನಿಲ್ಲಿಸಲಿಲ್ಲ.

"ಲಾಲಿಬಾಯಿ, ತಪ್ಪ ತಿಳಕೋಬ್ಯಾಡವ್ವಾ. ನಿಮಗ ಕಷ್ಟ ಐತಿ ಅಂತ ನಾವು ಕೇಳಲಿಲ್ಲ" ಅಂದೆ.

"ಕಷ್ಟ ಐತಿ ಅಂತ ನಾನೇನ ನಿಮಗ ಹೇಳಿದ್ದೆನ್ರಿ?" ಅವಳು ಮೇವಿನ ಸಿವುಡು ಕೆಳಗೆ ಒಗೆದಳು. "ಆವತ್ತ ಗೋವಿನಜ್ವಾಳದ ರಾಶಿ ಮಾಡಾಕತ್ತಿದ್ದೆ. ನಿಮ್ಮ ಟಂಟಂ ಸಪ್ಪಳಾ ಕೇಳಿ ಮೊರಾ ತುಂಬಕೊಂಡು ರಸ್ತೇಕ ಬಂದು ನಿಂತೆ. ಕೈ ಮಾಡಿ ಕರದೆ. ನೀವೂ ಕೈ ಮಾಡಿದ್ರಿ, ನಕ್ಕೊಂತ. ಗಾಡಿ ನಿಲ್ಲಲೇ ಇಲ್ಲ."

ಹೌದು, ನಾನು ಕೈ ಮಾಡಿದ್ದೆ. ಗೆಳತಿ ಕಂಡಳು ಎಂದು ಖುಷಿಯಾಗಿ, ಗಾಡಿಯಿಂದ ಬಾಗಿ, ಬಳೆ ಸದ್ದಾಗುವಂತೆ ಕೈ ಬೀಸಿದ್ದೆ. ಅವಳ ಇನ್ನೊಂದು ಕೈಯಲ್ಲಿದ್ದ ಮೊರ ನನಗೆ ಕಂಡಿರಲಿಲ್ಲ.

"ಆ ಕಾಳು ಏನ್ ಮಾಡಿದಿ?" ಎಂದು ಕೇಳಿದೆ. ಯಾಕೆ ಕೇಳಿದೆನೋ.

"ಆಯಕ್ಕಂತ ತಗದದ್ದ ಹೊಳ್ಳಿ ರಾಶಿಗೆ ಹಾಕಬಾರದ್ರಿ. ಹಕ್ಕಿಗೆ ಚೆಲ್ಲಿದೆ."

ಮನೆಗೆ ಬರುವ ದಾರಿಯಲ್ಲಿ ನನಗೆ ಅಪ್ಪನ ನೆನಪಾಯಿತು. ಶಿಗ್ಗಾವಿ ತಾಲೂಕಿನ ಹಿರೇಬೆಂಡಿಗೇರಿ ನನ್ನ ತವರು. ನಾನು ಆರೇಳು ವರ್ಷದವಳಿದ್ದಾಗ ಒಂದು ಸುಗ್ಗಿಯಲ್ಲಿ ಊರ ಬಡಿಗ ನಮ್ಮ ಕಣಕ್ಕೆ ಬರಲಿಲ್ಲ. ಆ ವರ್ಷ ನಮ್ಮ ಜೋಳ ಅಷ್ಟಕ್ಕಷ್ಟೇ ಆಗಿತ್ತು, ಅದನ್ನು ನೋಡಿ ಅವನು ಸಂಕೋಚಪಟ್ಟಿದ್ದ. ಅಪ್ಪ ರಾಶಿ ಎತ್ತಲು ಬಿಡಲಿಲ್ಲ. ಬುತ್ತಿಯ ಗಂಟು ಬಿಚ್ಚಲೂ ಬಿಡಲಿಲ್ಲ. ನಾನು ಚೀಲಗಳ ಮೇಲೆ ಕೂತು ಹೋಳಿಗೆಗಾಗಿ ಅಳುತ್ತಿದ್ದೆ. ಅಪ್ಪ ಆ ಬಿಸಿಲಲ್ಲಿ ಬಡಿಗನ ಮನೆಗೆ ನಡೆದು ಹೋಗಿ, ಬಾಗಿಲಲ್ಲಿ ನಿಂತು, "ನನ್ನ ಕಣಾ ಯಾಕ ಬಿಟ್ಟಿ? ನಾ ಈ ಊರಾಗ ಇಲ್ಲೇನ?" ಎಂದು ಕೂಗಾಡಿ, ಅವನನ್ನು ಕರೆದುಕೊಂಡೇ ಬಂದ. ಇದೇ ಅಪ್ಪನ ಮಗಳು ನಾನು. ಇಡೀ ತಾಂಡಾವನ್ನು ಬಿಟ್ಟು ಮುಂದೆ ಹೋಗಿದ್ದೆ, ಅದಕ್ಕೆ ಕರುಣೆ ಎಂದು ಹೆಸರು ಬೇರೆ ಇಟ್ಟಿದ್ದೆ. ತಜ್ಞರ ಮೇಲಿನ ಸಿಟ್ಟು, ಗೌಡರ ಮೇಲಿನ ಸಿಟ್ಟು ಎಲ್ಲ ಆ ಸಂಜೆ ನನ್ನ ಕಡೆ ತಿರುಗಿತು. ಅದು ಇನ್ನೂ ಪೂರ್ತಿ ಇಳಿದಿಲ್ಲ.

ಶಿವರಾತ್ರಿ ಕಳೆದು ಹಿಂಗಾರಿ ಜೋಳದ ರಾಶಿ ಶುರುವಾಯಿತು. ಗೌಸಸಾಬರಿಗೆ ಫೋನು ಮಾಡಿದೆ. ಈ ಸಲ ಟಂಟಂ ತಾಂಡಾದಲ್ಲಿ ಮೊದಲು ನಿಂತಿತು. ನಾನು ಚೀಲ ಹಿಡಿದುಕೊಂಡು ಲಾಲಿಬಾಯಿಯ ಕಣದ ಅಂಚಿನಲ್ಲಿ, ಚಪ್ಪಲಿ ಬಿಟ್ಟು, ಬಿಸಿಲಲ್ಲಿ ನಿಂತೆ. ಅವಳು ನನ್ನನ್ನು ನೋಡಿಯೂ ನೋಡದಂತೆ ಬಹಳ ಹೊತ್ತು ಜೋಳ ತೂರಿದಳು. ನಿಲ್ಲಲಿ ಎಂದೇ ನಿಲ್ಲಿಸಿದ್ದಳು. ನಿಲ್ಲಬೇಕಾದದ್ದೇ, ನಿಂತೆ.

ಆಮೇಲೆ ಮೊರ ತುಂಬಿ ತಂದು ಚೀಲಕ್ಕೆ ಸುರಿದಳು. ಇನ್ನೊಂದು ಸುರಿದಳು. ಬೇರೆ ಮನೆಗಳ ಹೆಂಗಸರೂ ತಮ್ಮ ತಮ್ಮ ಮೊರ ತಂದರು. ಕಬ್ಬಿಗೆ ಹೋದ ಮಗ ಸೊಸೆಯ ಪಾಲಿನದು ಎಂದು ಒಬ್ಬ ಮುದುಕಿ ಬೇರೆಯೇ ಅಳೆದು ಹಾಕಿದಳು.

"ನೀಲಕ್ಕಾರ, ಆಯ ಇಸ್ಕೊಂಡ್ರಿ" ಅಂದಳು ಲಾಲಿಬಾಯಿ. "ಇನ್ನ ನಮ್ಮ ಕೆಲಸ ಆಗಬೇಕು. ಆಯ ಇಸ್ಕೊಂಡು ಕಂಬಾರ ಕುಳಾ ತಟ್ಟಲಿಲ್ಲಂದ್ರ ಅವನ ಬಾಗಲಾಗ ಹೋಗಿ ಕುಂದರ್ತೇವಿ. ಗೊತ್ತೈತಲ್ಲ?"

"ಗೊತ್ತೈತಿ" ಅಂದೆ. "ಯುಗಾದಿ ಮರುದಿನ ಸಂಜಿಕ ಬರ್ರಿ. ಎಲ್ಲಾರೂ ಬರ್ರಿ."

ಯುಗಾದಿಯ ಮರುದಿನ ಸಂಜೆ ಗೋದಾಮಿನ ಮೆಟ್ಟಿಲ ಮೇಲೆ ತಾಂಡಾದ ಹನ್ನೊಂದು ಹೆಂಗಸರು ಸಾಲಾಗಿ ಕೂತಿದ್ದರು. ಕಂಪನಿಯ ಕಾರ್ಯಕ್ರಮಕ್ಕೆ ಕಾಯಿ ಒಡೆಯಲು ಗೌಡರು ಬಂದರು, ಹಿಂದೆ ಹಾರ ಹಿಡಿದುಕೊಂಡು ಕಂಪನಿಯವನು. ಮೆಟ್ಟಿಲು ಹತ್ತಲು ಜಾಗವಿರಲಿಲ್ಲ. ನಾನು ಮೇಲೆ ಬಾಗಿಲಲ್ಲಿ ನಿಂತಿದ್ದೆ.

"ಇವ್ರನ್ನ ಯಾರ ಕರದ್ರು?" ಅಂದರು ಗೌಡರು.

"ನಾನ ಕರದೇನ್ರಿ ಗೌಡ್ರ" ಅಂದೆ. "ತಾಂಡಾದಿಂದ ಏನೂ ಬಂದಿಲ್ಲ ಅಂತ ಸಭಾದಾಗ ಹೇಳಿದ್ದೆ. ನಾವು ಅವ್ರನ್ನ ಕೇಳೇ ಇರಲಿಲ್ಲ ಅನ್ನೂದನ್ನ ಹೇಳಲಿಲ್ಲ. ಈಗ ಹೇಳಾಕತ್ತೇನಿ. ಈಗ ಕೇಳೇವಿ, ಅವ್ರು ಕೊಟ್ಟಾರ. ಆಯ ಬಂದವ್ರ ಕಾರ್ಯಕ್ರಮಕ್ಕ ಕೈ ಹಚ್ಚಬಾರದು ಅಂತ ನೀವ ಅಂದೀರಿ."

ಗೌಡರು ಏನೋ ಹೇಳಲು ಬಾಯಿ ತೆರೆದರು. ಅಷ್ಟರಲ್ಲಿ ಕೆಳಗಿನ ಮೆಟ್ಟಿಲಿನಿಂದ ಲಾಲಿಬಾಯಿ ಎದ್ದು ನಿಂತಳು.

"ಗೌಡ್ರ, ಒಂದ ಮಾತು ಕೇಳ್ತೇನಿ, ಸಿಟ್ಟ ಆಗಬ್ಯಾಡ್ರಿ. ರೇಡಿಯೋಕ್ಕ ನಿಮ್ಮ ಆಯ ಎಷ್ಟ ಬಂದೈತ್ರಿ?"

ಗೌಡರಿಗೆ ನೀರಾವರಿಯೇ ನಲವತ್ತು ಎಕರೆ ಇದೆ. ಅವರ ರಾಶಿಯ ಹತ್ತಿರ ನಮ್ಮ ಗಾಡಿ ಒಂದು ಸಲವೂ ನಿಂತಿರಲಿಲ್ಲ. ಬಡವರನ್ನು ಕೇಳಲು ನನಗೆ ಕರುಣೆ ಅಡ್ಡ ಬಂದಿತ್ತು, ಅಧ್ಯಕ್ಷರನ್ನು ಕೇಳಲು ಹೆದರಿಕೆ ಅಡ್ಡ ಬಂದಿತ್ತು. ಗೌಡರ ಮುಖ ಕೆಂಪಾಯಿತು. ಕಾಯಿಯನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಿಸಿದರು.

"ನನ್ನನ್ನ ಯಾರೂ ಕೇಳಲಿಲ್ಲಲ್ಲ" ಅಂದರು. "ಕೇಳಿದ್ರ ಕೊಡತಿದ್ದೆ."

"ನಾವೂ ಅದನ್ನ ಅನ್ನಾಕತ್ತೇವ್ರಿ" ಅಂದಳು ಲಾಲಿಬಾಯಿ, ಮತ್ತು ಮೆಟ್ಟಿಲು ಹತ್ತಿದಳು. ಆರೂವರೆಗೆ ಇನ್ನೂ ಎರಡು ನಿಮಿಷ ಇತ್ತು. ನಾನು ಬಾಗಿಲು ಬಿಟ್ಟು ಸರಿದು ನಿಂತೆ.